ಮಿಣುಕು ಬೆಳಕಿನ ಲೆಕ್ಕ: ಪ್ರತಿದೀಪ್ತಿ ಸೂಕ್ಷ್ಮದರ್ಶಕವೂ ಅದರ ಕ್ಯಾಮೆರಾವೂ

ಊರಿನಲ್ಲಿ ಅಮಾವಾಸ್ಯೆಯ ರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿದವರಿಗೆ ಆಕಾಶದ ತುಂಬ ನಕ್ಷತ್ರಗಳು ಕಾಣುತ್ತವೆ. ಅವರೇ ಮುಂಬಯಿಯ ಚಾಳಿನ ಗಚ್ಚಿಯನ್ನೋ ದಿಲ್ಲಿಯ ಮನೆಯ ಮಾಳಿಗೆಯನ್ನೋ ಏರಿ ನೋಡಿದರೆ ಬೆರಳೆಣಿಕೆಯಷ್ಟು ಚುಕ್ಕೆಗಳು ಮಾತ್ರ ಉಳಿದಿರುತ್ತವೆ. ನಕ್ಷತ್ರಗಳ ಕಾಂತಿಯೇನೂ ಕುಂದಿರುವುದಿಲ್ಲ. ಬೀದಿದೀಪಗಳ ಬೆಳಕು ಆಕಾಶವನ್ನೆಲ್ಲ ಬಿಳಿಚಿಸಿ ಕ್ಷೀಣವಾದ ಬೆಳಕನ್ನು ತನ್ನೊಳಗೆ ಮುಳುಗಿಸಿರುತ್ತದೆ. ಒಂದು ವಸ್ತು ಕಾಣಬೇಕಾದರೆ ಅದರಲ್ಲಿ ಬೆಳಕಿದ್ದರೆ ಸಾಲದು, ಅದರ ಹಿನ್ನೆಲೆಯಲ್ಲಿ ಕತ್ತಲೂ ಇರಬೇಕು.

ರೋಗವನ್ನು ಪತ್ತೆಹಚ್ಚುವ ಪ್ರಯೋಗಾಲಯದಲ್ಲಿಯೂ ಇದೇ ನಿಯಮ ನಡೆಯುತ್ತದೆ. ಕಫದಲ್ಲಿ ಅಡಗಿದ ಕ್ಷಯದ ರೋಗಾಣು, ಮೂತ್ರಪಿಂಡದ ಚೂರಿನಲ್ಲಿ ಶೇಖರವಾದ ಪ್ರತಿಕಾಯ, ಜೀವಂತ ಕೋಶದೊಳಗೆ ಓಡಾಡುವ ಒಂದು ಪ್ರೋಟೀನು, ಇವುಗಳನ್ನು ಇಂದು ವಿಜ್ಞಾನಿಗಳು ನಕ್ಷತ್ರಗಳಂತೆ ಕತ್ತಲಲ್ಲಿ ಮಿನುಗಿಸಿ ನೋಡುತ್ತಾರೆ. ಆ ಮಿನುಗು ಅತ್ಯಲ್ಪ. ಅದನ್ನು ನಷ್ಟವಾಗದಂತೆ ಹಿಡಿದಿಡುವ ಕ್ಯಾಮೆರಾ ಹೇಗೆ ಬೆಳೆದುಬಂದಿತು, ಅದರಿಂದ ರೋಗಿಗೆ ಏನು ಪ್ರಯೋಜನ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹೀರಿದ ಬೆಳಕು, ಬೇರೆ ಬಣ್ಣ

ಕೆಲವು ವಸ್ತುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೀರಿಕೊಂಡು, ಒಡನೆಯೇ ಅದನ್ನು ಬೇರೊಂದು ಬಣ್ಣದ ಬೆಳಕಾಗಿ ಹೊರಸೂಸುತ್ತವೆ. ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಹೀರಿದ ಶಕ್ತಿಯಲ್ಲಿ ಸ್ವಲ್ಪ ಭಾಗ ಅಣುವಿನೊಳಗೆ ಶಾಖವಾಗಿ ವ್ಯಯವಾಗುವುದರಿಂದ, ಹೊರಬರುವ ಬೆಳಕಿನ ಶಕ್ತಿ ಕಡಮೆಯಾಗಿರುತ್ತದೆ, ಅಲೆಯುದ್ದ ಹೆಚ್ಚಾಗಿರುತ್ತದೆ. ನೀಲಿಯನ್ನು ಹೀರಿದ ವಸ್ತು ಹಸುರನ್ನೂ, ಹಸುರನ್ನು ಹೀರಿದ್ದು ಕೆಂಪನ್ನೂ ಕೊಡುವುದಕ್ಕೆ ಇದೇ ಕಾರಣ. ಹೊನ್ನೆಮರದ ಚಕ್ಕೆಯನ್ನು ನೆನೆಹಾಕಿದ ನೀರನ್ನು ಬಿಸಿಲಿಗೆ ಹಿಡಿದರೆ ತೋರುವ ನೀಲಿ ಛಾಯೆಯೂ ಪ್ರತಿದೀಪ್ತಿಯೇ. ಆ ಹೊಳಪು ನೀರಿನ ಔಷಧಗುಣಕ್ಕೆ ಅಳತೆಗೋಲಲ್ಲವೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಕ್ವಿನೀನಿನ ದ್ರಾವಣದಲ್ಲಿ ಈ ವಿದ್ಯಮಾನವನ್ನು ಕೂಲಂಕಷವಾಗಿ ಪರೀಕ್ಷಿಸಿ 1852ರಲ್ಲಿ ಅದಕ್ಕೆ ಹೆಸರಿಟ್ಟವನು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳು ಕ್ವಿನೀನಿನ ಮೇಲೆ ಬಿದ್ದು ಕಣ್ಣಿಗೆ ಕಾಣುವ ನೀಲಿಯಾಗಿ ಹೊರಬರುವುದನ್ನು ಅವನು ತೋರಿಸಿದನು. 20ನೆಯ ಶತಮಾನದ ಆದಿಭಾಗದಲ್ಲಿ ಜರ್ಮನಿ, ಆಸ್ಟ್ರಿಯಗಳ ಉಪಕರಣ ತಯಾರಕರು ಈ ಗುಣವನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರು. 1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೇ ಪ್ರತಿದೀಪ್ತಿಯ ಬಣ್ಣವನ್ನು ಕಟ್ಟಿದರು. ಪ್ರತಿಕಾಯವು ತನಗೆ ತಕ್ಕ ರೋಗಾಣುವನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದ ಜಾಗ ಹೊಳೆಯುತ್ತದೆ. ಅಂದಿನಿಂದ ಸೂಕ್ಷ್ಮದರ್ಶಕವು ಆಕಾರವನ್ನಷ್ಟೇ ತೋರಿಸದೆ ಕೋಶದಲ್ಲಿ ಯಾವ ವಸ್ತು ಎಲ್ಲಿದೆ ಎಂಬುದನ್ನೂ ಹೇಳತೊಡಗಿತು.

ಸೂಕ್ಷ್ಮದರ್ಶಕದೊಳಗಿನ ಕತ್ತಲು

ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಬೆಳಕು ಕೆಳಗಿನಿಂದ ಬಂದು ವಸ್ತುವನ್ನು ಹಾದು ಕಣ್ಣನ್ನು ಸೇರುತ್ತದೆ. ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ದೀಪದ ಬೆಳಕು ಕಣ್ಣನ್ನು ಸೇರಲೇಕೂಡದು. ಇದಕ್ಕಾಗಿ ಮೂರು ಗಾಜುಗಳಿವೆ. ಮೊದಲನೆಯ ಸೋಸುಗಾಜು ದೀಪದಿಂದ ನೀಲಿಯೊಂದನ್ನೇ ಆರಿಸಿಕೊಡುತ್ತದೆ. ಓರೆಯಾಗಿ ನಿಂತ ಎರಡನೆಯ ಗಾಜು ನೀಲಿಯನ್ನು ವಸ್ತುವಿನತ್ತ ತಿರುಗಿಸಿ, ವಸ್ತುವಿನಿಂದ ಹಿಂದಿರುಗುವ ಹಸುರನ್ನು ಮಾತ್ರ ಮುಂದಕ್ಕೆ ಬಿಡುತ್ತದೆ. ತಪ್ಪಿಸಿಕೊಂಡು ಬಂದ ನೀಲಿಯನ್ನು ಮೂರನೆಯದು ತಡೆಯುತ್ತದೆ. ಹೀಗೆ ಕಪ್ಪು ಹಿನ್ನೆಲೆಯಲ್ಲಿ ಹಸುರು ಚುಕ್ಕೆಗಳು ಮೂಡುತ್ತವೆ.

ಇಲ್ಲಿ ಬೆಳಕಿನ ಸೋರಿಕೆ ಅಪಾರ. ಹೊಳೆಯುವ ಅಣು ಎಲ್ಲ ದಿಕ್ಕಿಗೂ ಬೆಳಕನ್ನು ಚೆಲ್ಲುತ್ತದೆ. ಎಣ್ಣೆಯಲ್ಲಿ ಅದ್ದಿ ಬಳಸುವ ಅತ್ಯುತ್ತಮ ಮಸೂರವೂ ಅದರಲ್ಲಿ ಹೆಚ್ಚುಕಡಮೆ ಮೂರರಲ್ಲಿ ಒಂದು ಪಾಲನ್ನು ಮಾತ್ರ ಬಾಚಿಕೊಳ್ಳಬಲ್ಲುದು. ಮುಂದಿನ ಗಾಜುಗಳಲ್ಲಿ ಮತ್ತಷ್ಟು ನಷ್ಟವಾಗುತ್ತದೆ. ಕೊನೆಗೆ ಚಿತ್ರಫಲಕದ ಒಂದು ಚುಕ್ಕೆಗೆ ತಲಪುವ ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಎಷ್ಟೋ ಸಲ ಕೆಲವು ಹತ್ತುಗಳಷ್ಟೇ ಇರುತ್ತವೆ.

ಕ್ಷಯದ ಕಡ್ಡಿಗಳು

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕುರಿತು ತನ್ನ ಸಂಶೋಧನೆಯನ್ನು ಸಾರಿದನು. ಆ ದಶಕದಲ್ಲಿಯೇ ರೂಪುಗೊಂಡ ಜೀಲ್-ನೀಲ್ಸನ್ ವಿಧಾನದಲ್ಲಿ ಕಫದ ಲೇಪಕ್ಕೆ ಬಣ್ಣಕೊಟ್ಟು, ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತಹ ರೋಗಾಣುಗಳನ್ನು ಹುಡುಕುತ್ತಾರೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5 ಸಾವಿರದಿಂದ 10 ಸಾವಿರ ರೋಗಾಣುಗಳಾದರೂ ಇಲ್ಲದಿದ್ದರೆ ಲೇಪದಲ್ಲಿ ಅವು ಕಣ್ಣಿಗೆ ಬೀಳುವುದು ದುಸ್ತರ. ಆದ್ದರಿಂದ, ಲೇಪದಲ್ಲಿ ಏನೂ ಕಾಣಲಿಲ್ಲವೆಂದರೆ ರೋಗವೇ ಇಲ್ಲವೆಂದು ಅರ್ಥವಾಗದು.

1930ರ ದಶಕದಲ್ಲಿ ಆರಮೀನ್ ಎಂಬ ಪ್ರತಿದೀಪ್ತಿಯ ಬಣ್ಣ ಈ ಕೆಲಸಕ್ಕೆ ಬಂದಿತು. ಕಪ್ಪು ಹಿನ್ನೆಲೆಯಲ್ಲಿ ಹಳದಿ ಕಡ್ಡಿಗಳು ಎದ್ದು ಕಾಣುವುದರಿಂದ ಕಡಮೆ ವರ್ಧನೆಯ ಮಸೂರ ಸಾಕಾಗುತ್ತದೆ. ಮಸೂರದ ವರ್ಧನೆ ತಗ್ಗಿದಷ್ಟೂ ಒಂದೇ ನೋಟಕ್ಕೆ ಹೆಚ್ಚು ಜಾಗ ಸಿಕ್ಕುತ್ತದೆ. ಪರೀಕ್ಷಕನ ವೇಳೆ ಉಳಿಯುತ್ತದೆ. ಸರಾಸರಿಯಲ್ಲಿ ಇದು ಹಳೆಯ ವಿಧಾನಕ್ಕಿಂತ ಶೇಕಡಾ 10ರಷ್ಟು ಹೆಚ್ಚು ರೋಗಿಗಳನ್ನು ಗುರುತಿಸುತ್ತದೆಂದು ಪರಿಶೀಲನೆಗಳು ತೋರಿಸಿವೆ. ಆದರೆ ಪಾದರಸದ ಆವಿಯ ದೀಪ ದುಬಾರಿ, ಅದರ ಆಯುಸ್ಸು ಅಲ್ಪ, ಜೊತೆಗೆ ಕತ್ತಲ ಕೋಣೆ ಬೇಕು. ಈ ಕಾರಣಗಳಿಂದ ಅದು ದೊಡ್ಡ ಆಸ್ಪತ್ರೆಗಳ ಹೊಸಲು ದಾಟಿ ಬರಲಿಲ್ಲ. ಎಲ್‌ಇಡಿ ದೀಪ ಬಂದ ಮೇಲೆ ಈ ತೊಡಕು ನಿವಾರಣೆಯಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್‌ಇಡಿ ಪ್ರತಿದೀಪ್ತಿ ಸೂಕ್ಷ್ಮದರ್ಶಕವನ್ನು ಕ್ಷಯಪರೀಕ್ಷೆಗೆ ಶಿಫಾರಸು ಮಾಡಿತು.

ಕಫಪರೀಕ್ಷೆಯಲ್ಲಿ ಸಾಮಾನ್ಯವಾಗಿ ನೋಡುವುದು ತರಬೇತಾದ ಮನುಷ್ಯನ ಕಣ್ಣೇ. ಅದಕ್ಕಿಂತ ಕ್ಷೀಣವಾದ ಬೆಳಕನ್ನು ನೋಡಬೇಕಾದಾಗ, ನೋಡಿದ್ದನ್ನು ಅಳೆಯಬೇಕಾದಾಗ, ಕ್ಯಾಮೆರಾ ಅನಿವಾರ್ಯವಾಗುತ್ತದೆ.

ದೀಪವನ್ನೇ ಏಕೆ ಹೆಚ್ಚಿಸಬಾರದು?

ಬೆಳಕು ಸಾಲದಿದ್ದರೆ ದೀಪದ ಕುಡಿಯನ್ನು ಹಿರಿದು ಮಾಡಿದರಾಯಿತಲ್ಲವೆ ಎಂಬ ಪ್ರಶ್ನೆ ಸಹಜ. ಎರಡು ಕಾರಣಗಳಿಂದ ಅದು ಸಾಧ್ಯವಿಲ್ಲ. ಪ್ರತಿದೀಪ್ತಿಯ ಪ್ರತಿಯೊಂದು ಅಣುವೂ ಸೀಮಿತ ಸಂಖ್ಯೆಯ ಫೋಟಾನುಗಳನ್ನು ಕೊಟ್ಟ ಮೇಲೆ ಶಾಶ್ವತವಾಗಿ ಆರಿಹೋಗುತ್ತದೆ. ದೀಪವನ್ನು ಹೆಚ್ಚಿಸಿದರೆ ಆ ಬಂಡವಾಳ ಬೇಗ ಕರಗುತ್ತದೆ. ಎರಡನೆಯದಾಗಿ, ಪ್ರಖರವಾದ ನೀಲಿ ಬೆಳಕು ಜೀವಂತ ಕೋಶಕ್ಕೆ ವಿಷಸಮಾನ. ಉದ್ರಿಕ್ತವಾದ ಅಣುಗಳು ಸುತ್ತಲಿನ ಆಮ್ಲಜನಕವನ್ನು ಕೆರಳಿಸಿ, ಕೋಶದ ಪ್ರೋಟೀನುಗಳನ್ನೂ ಪೊರೆಗಳನ್ನೂ ಹಾಳುಗೆಡಹುತ್ತವೆ.

ಜೆಲ್ಲಿಮೀನಿನ ಹಸುರು ಪ್ರೋಟೀನು ಸಂಶೋಧಕರ ಕೈಸೇರಿದಾಗ ಈ ಸಮಸ್ಯೆ ತೀವ್ರವಾಯಿತು. ಒಸಾಮು ಶಿಮೊಮುರಾ ಮತ್ತು ಸಹೋದ್ಯೋಗಿಗಳು 1962ರಲ್ಲಿ ವರದಿಮಾಡಿದ ಈ ಪ್ರೋಟೀನಿನ ಜೀನನ್ನು ಬೇರೆ ಜೀವಿಯಲ್ಲಿ ಸೇರಿಸಿ, ಆ ಜೀವಿಯ ಕೋಶಗಳೇ ಹೊಳೆಯುವಂತೆ ಮಾಡಬಹುದೆಂದು ಮಾರ್ಟಿನ್ ಚಾಲ್ಫಿ 1994ರಲ್ಲಿ ತೋರಿಸಿದನು. ಅದರಿಂದ ಹಲವು ಬಣ್ಣಗಳನ್ನು ಬೆಳೆಸಿದವನು ರಾಜರ್ ಚಿಯೆನ್. ಮೂವರಿಗೂ 2008ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಸತ್ತ ಚೂರಿನ ಬದಲು ಜೀವಂತ ಕೋಶವನ್ನು ಗಂಟೆಗಟ್ಟಲೆ ನೋಡುವ ಅವಕಾಶ ಬಂದಿತು. ನೋಡುವ ಭರದಲ್ಲಿ ಅದನ್ನು ಬೇಯಿಸಿಬಿಟ್ಟರೆ ಕಂಡದ್ದು ಜೀವನವೆನಿಸದು, ಸಾಯುವ ಬಗೆಯೆನಿಸೀತು. ಆದಕಾರಣ ಸುಧಾರಣೆಯೆಲ್ಲ ದೀಪವನ್ನು ಬಿಟ್ಟು ಕ್ಯಾಮೆರಾದ ಕಡೆಯಿಂದ ಬರಬೇಕಾಯಿತು.

ಕಣ್ಣು, ಫಿಲ್ಮು, ಬಿಂದಿಗೆಗಳ ಸಾಲು

ಕತ್ತಲಿಗೆ ಒಗ್ಗಿದ ಮಾನವನ ಕಣ್ಣು ಸಾಮಾನ್ಯವಾದುದಲ್ಲ. ರೆಟಿನಾದಲ್ಲಿ 5ರಿಂದ 14 ಫೋಟಾನುಗಳು ಹೀರಲ್ಪಟ್ಟರೆ ಸಾಕು, ಬೆಳಕಿನ ಮಿಂಚು ಅರಿವಿಗೆ ಬರುತ್ತದೆಂದು 1942ರಲ್ಲಿ ಅಮೆರಿಕದ ಹೆಕ್ಟ್, ಶ್ಲೇರ್ ಮತ್ತು ಪಿರೆನ್ ನಿರೂಪಿಸಿದರು. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ದ್ರವಗಳಿಂದ ಚೆದರಿದ ಅತಿಕ್ಷೀಣ ಬೆಳಕನ್ನು ಮೊದಲು ಗುರುತಿಸಿದ್ದು ಕಣ್ಣಿನಿಂದಲೇ. ಅದಕ್ಕೂ ಮೊದಲು, 1923ರಲ್ಲಿ, ರಾಮನ್ನರ ಶಿಷ್ಯ ಕೆ. ಆರ್. ರಾಮನಾಥನ್ ಅದನ್ನು ಕಂಡಾಗ ಅದು ಕ್ಷೀಣ ಪ್ರತಿದೀಪ್ತಿಯೆಂದೇ ಭಾವಿಸಲಾಗಿತ್ತು. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲಸಿದ ರಾಮನ್ನರ ಕೀರ್ತಿಯ ಹಿಂದೆ ಮಿಣುಕು ಬೆಳಕನ್ನು ಅಲಕ್ಷಿಸದ ಈ ತಾಳ್ಮೆಯಿತ್ತು.

ಆದರೆ ಕಣ್ಣಿಗೆ ಬೆಳಕನ್ನು ಕೂಡಿಡಲು ಬಾರದು. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಬಹಳ ಹೆಚ್ಚು ಕಾಲದ ಬೆಳಕನ್ನು ಅದು ಒಟ್ಟುಗೂಡಿಸಲಾರದು. ಫಿಲ್ಮು ಕೂಡಿಡಬಲ್ಲುದು, ಆದರೆ ಬಿದ್ದ ನೂರು ಫೋಟಾನುಗಳಲ್ಲಿ ಕೆಲವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಬೆಳಕು ತೀರ ಕ್ಷೀಣಿಸಿದರೆ ಅದರ ಸಂವೇದನೆ ಇನ್ನೂ ಕುಗ್ಗುತ್ತದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಿಲಿಕನ್ ಸಾಧನವನ್ನು ಕಲ್ಪಿಸಿದರು. ಅದಕ್ಕಾಗಿ ಅವರಿಗೆ 2009ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಅದರ ಕೆಲಸವನ್ನು ಹೀಗೆ ಊಹಿಸಬಹುದು. ವಿಶಾಲವಾದ ಅಂಗಳದಲ್ಲಿ ಸಾಲುಸಾಲಾಗಿ ಬಿಂದಿಗೆಗಳನ್ನಿಟ್ಟಿದೆ. ಮಳೆ ಸುರಿದು ನಿಂತ ಮೇಲೆ, ಯಾವ ಜಾಗದಲ್ಲಿ ಎಷ್ಟು ಮಳೆಯಾಯಿತೆಂದು ಅಳೆಯಬೇಕು. ಮಳೆಹನಿಯೇ ಫೋಟಾನು, ಬಿಂದಿಗೆಯೇ ಪಿಕ್ಸೆಲ್, ಬಿಂದಿಗೆಯಲ್ಲಿ ಕೂಡುವ ನೀರೇ ಎಲೆಕ್ಟ್ರಾನು. ಸಿಸಿಡಿಯಲ್ಲಿ ಒಂದೊಂದು ಬಿಂದಿಗೆಯ ನೀರನ್ನೂ ಪಕ್ಕದ ಬಿಂದಿಗೆಗೆ ವರ್ಗಾಯಿಸುತ್ತ, ಮೂಲೆಯಲ್ಲಿ ಕುಳಿತ ಒಬ್ಬನೇ ಅಳೆಯುವವನ ಮುಂದೆ ಸರದಿಯಾಗಿ ತರುತ್ತಾರೆ. ಅಳತೆ ಅಚ್ಚುಕಟ್ಟು, ಆದರೆ ಅವನನ್ನು ಅವಸರಪಡಿಸಿದಷ್ಟೂ ತಪ್ಪು ಹೆಚ್ಚುತ್ತದೆ.

ಮೂರು ಬಗೆಯ ಗದ್ದಲ

ಅಳತೆಯಲ್ಲಿ ಸೇರಿಕೊಳ್ಳುವ ಅನಿಶ್ಚಯವನ್ನು ವಿಜ್ಞಾನಿಗಳು ಗದ್ದಲವೆನ್ನುತ್ತಾರೆ. ಸಂತೆಯ ನಡುವೆ ಪಿಸುಮಾತು ಕೇಳಿಸದಂತೆ, ಗದ್ದಲದ ನಡುವೆ ಕ್ಷೀಣ ಬೆಳಕು ಕಾಣಿಸದು. ಇದರಲ್ಲಿ ಮೂರು ಬಗೆ.

ಮೊದಲನೆಯದು ಬೆಳಕಿನದೇ. ಫೋಟಾನುಗಳು ಮಳೆಹನಿಗಳಂತೆ ಏರುಪೇರಾಗಿ ಬೀಳುತ್ತವೆ. ಸರಾಸರಿ 100 ಬೀಳುವ ಕಡೆ 10ರಷ್ಟು, 10,000 ಬೀಳುವ ಕಡೆ 100ರಷ್ಟು ಏರಿಳಿತ ಸಹಜ. ಇದನ್ನು ಯಾವ ಕ್ಯಾಮೆರಾವೂ ಹೋಗಲಾಡಿಸದು.

ಎರಡನೆಯದು ಶಾಖದ್ದು. ಬೆಳಕು ಬೀಳದಿದ್ದರೂ ಸಿಲಿಕನ್ನಿನ ಬಿಸಿಯಿಂದಲೇ ಎಲೆಕ್ಟ್ರಾನುಗಳು ಹುಟ್ಟುತ್ತವೆ. ಮಳೆಯಿಲ್ಲದಿದ್ದರೂ ಬಿಂದಿಗೆಯಲ್ಲಿ ಇಬ್ಬನಿ ಕೂಡುವಂತೆ. ಪ್ರತಿ 6ರಿಂದ 8 ಡಿಗ್ರಿ ತಣಿಸಿದರೆ ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ವೈಜ್ಞಾನಿಕ ಕ್ಯಾಮೆರಾಗಳನ್ನು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಕ್ಕೆ ತಣಿಸಿಡುವುದು ಇದಕ್ಕಾಗಿ.

ಮೂರನೆಯದು ಅಳೆಯುವವನ ಕೈತಪ್ಪು, ಎಂದರೆ ವಾಚನದ ಗದ್ದಲ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಪಿಕ್ಸೆಲಿನಲ್ಲಿ 20 ಎಲೆಕ್ಟ್ರಾನುಗಳು ಕೂಡಿವೆಯೆನ್ನೋಣ. ಬೆಳಕಿನ ಸಹಜ ಏರಿಳಿತ ಸುಮಾರು 4.5. ಕ್ಯಾಮೆರಾದ ಕೈತಪ್ಪು 8 ಎಲೆಕ್ಟ್ರಾನಾದರೆ, ಎರಡನ್ನೂ ವರ್ಗಮಾಡಿ ಕೂಡಿ ವರ್ಗಮೂಲ ತೆಗೆದಾಗ ಒಟ್ಟು ಗದ್ದಲ 9.2, ಸಂಕೇತ ಗದ್ದಲದ 2.2 ಪಾಲು ಮಾತ್ರ. ಕೈತಪ್ಪು 1.5 ಆದರೆ ಒಟ್ಟು ಗದ್ದಲ 4.7; ಸಂಕೇತ 4.2 ಪಾಲು. ಮೊದಲಿನ ಕ್ಯಾಮೆರಾದಲ್ಲಿ ಇದೇ ಸ್ಪಷ್ಟತೆ ಬೇಕೆಂದರೆ 20ರ ಬದಲು ಸುಮಾರು 44 ಎಲೆಕ್ಟ್ರಾನುಗಳು ಬೇಕಾಗುತ್ತವೆ. ಎಂದರೆ, ಕೋಶದ ಮೇಲೆ ಎರಡರಷ್ಟಕ್ಕಿಂತ ಹೆಚ್ಚು ಬೆಳಕನ್ನು ಸುರಿಯಬೇಕು. ಒಳ್ಳೆಯ ಕ್ಯಾಮೆರಾ ಕೋಶಕ್ಕೆ ತಗಲುವ ಪೆಟ್ಟನ್ನು ಅರ್ಧಕ್ಕೂ ಕಡಮೆ ಮಾಡುತ್ತದೆ. ಅದರ ಹಿರಿಮೆಯೆಲ್ಲ ಈ ಮಾತಿನಲ್ಲಡಗಿದೆ.

ಗದ್ದಲವನ್ನು ಗೆದ್ದ ಎರಡು ದಾರಿಗಳು

2001ರ ಸುಮಾರಿಗೆ ಮಾರುಕಟ್ಟೆಗೆ ಬಂದ ಇಎಂಸಿಸಿಡಿ ಕ್ಯಾಮೆರಾ ಒಂದು ಉಪಾಯ ಹೂಡಿತು. ಅಳೆಯುವವನ ಬಳಿಗೆ ತರುವ ಮೊದಲೇ ಎಲೆಕ್ಟ್ರಾನುಗಳನ್ನು ನೂರಾರು ಮೆಟ್ಟಿಲುಗಳ ಮೂಲಕ ಸಾಗಿಸಲಾಗುತ್ತದೆ. ಒಂದೊಂದು ಮೆಟ್ಟಿಲಿನಲ್ಲಿ ಹೆಚ್ಚಳ ಶೇಕಡಾ 1ರ ಆಸುಪಾಸು. ಆದರೆ ಚಕ್ರಬಡ್ಡಿಯಂತೆ ಬೆಳೆದು ಕೊನೆಗೆ ಒಂದು ಎಲೆಕ್ಟ್ರಾನು ಸಾವಿರವಾಗಬಲ್ಲುದು. ಸಾವಿರದ ಮುಂದೆ ಅಳೆಯುವವನ ಕೈತಪ್ಪು ಯಾವ ಲೆಕ್ಕ? ಹೀಗೆ ಒಂಟಿ ಅಣುವಿನ ಹೊಳಪೂ ಕಾಣಿಸಿತು. ಆದರೆ ಗುಣಿಸುವಿಕೆ ಪ್ರತಿಸಲವೂ ಒಂದೇ ಸಮನಾಗಿ ನಡೆಯದು. ಆ ಏರುಪೇರು ಬೆಳಕಿನ ಅರ್ಧಭಾಗವನ್ನು ಕಳೆದುಕೊಂಡಷ್ಟೇ ಹಾನಿ ಮಾಡುತ್ತದೆ.

ಎರಡನೆಯ ದಾರಿ ಸಿಎಂಒಎಸ್. ಇಲ್ಲಿ ಅಂಗಳಕ್ಕೆ ಒಬ್ಬನೇ ಅಳೆಯುವವನ ಬದಲು ಪ್ರತಿಯೊಂದು ಸಾಲಿಗೂ ಒಬ್ಬನಿದ್ದಾನೆ. ಯಾರೂ ಅವಸರಪಡಬೇಕಾಗಿಲ್ಲ, ಆದರೂ ಒಟ್ಟು ಕೆಲಸ ಬೇಗ ಮುಗಿಯುತ್ತದೆ. 2009ರಲ್ಲಿ ಪ್ರಕಟವಾದ ವೈಜ್ಞಾನಿಕ ಸಿಎಂಒಎಸ್ ತಂತ್ರ ವಾಚನದ ಗದ್ದಲವನ್ನು 1-2 ಎಲೆಕ್ಟ್ರಾನಿಗೆ ಇಳಿಸಿತು. ಇಷ್ಟಾದರೂ ಫಲಕದ ಮುಂಭಾಗದ ತಂತಿಗಳು ಒಂದಷ್ಟು ಬೆಳಕನ್ನು ತಡೆಯುತ್ತಿದ್ದವು. ಸಿಲಿಕನ್ನನ್ನು ತೆಳ್ಳಗೆ ಸವೆಸಿ ಹಿಂಭಾಗದಿಂದ ಬೆಳಕು ಬೀಳುವಂತೆ ಮಾಡಿದಾಗ, ಅನುಕೂಲವಾದ ಬಣ್ಣಗಳಲ್ಲಿ 100 ಫೋಟಾನುಗಳಲ್ಲಿ 90ಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಕ್ಕಿದವು. ಜಪಾನಿನ ಹಮಾಮಾತ್ಸು ಸಂಸ್ಥೆ 2021ರಲ್ಲಿ ಹೊರತಂದ ಕ್ಯಾಮೆರಾದಲ್ಲಿ ವಾಚನದ ಗದ್ದಲ 0.27 ಎಲೆಕ್ಟ್ರಾನಿಗೆ ಇಳಿಯಿತು. ಒಂದು ಫೋಟಾನು ಬಂದಿತೇ, ಎರಡು ಬಂದವೇ ಎಂದು ಎಣಿಸುವ ಹಂತವಿದು.

ಚಿತ್ರವನ್ನು ನಂಬುವ ಮುನ್ನ

ಮೊಬೈಲ್ ಜಾಹೀರಾತುಗಳು ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಕ್ಯಾಮೆರಾ ಉತ್ತಮವೆಂಬ ಭ್ರಮೆಯನ್ನು ಬಿತ್ತಿವೆ. ಸೂಕ್ಷ್ಮದರ್ಶಕದ ಕ್ಯಾಮೆರಾಕ್ಕೆ ಈ ಮಾತು ಹೊಂದದು. ಸಾಮಾನ್ಯ ಮಸೂರ ಬೇರ್ಪಡಿಸಿ ತೋರಬಲ್ಲ ಕನಿಷ್ಠ ಅಂತರ ಸುಮಾರು 0.2 ಮೈಕ್ರೋಮೀಟರ್. 60 ಪಟ್ಟು ಹಿಗ್ಗಿಸುವ ಮಸೂರದ ಹಿಂದೆ 6.5 ಮೈಕ್ರೋಮೀಟರ್ ಅಗಲದ ಪಿಕ್ಸೆಲ್ ಇಟ್ಟರೆ, ಅದು ವಸ್ತುವಿನ ಮೇಲೆ ಸುಮಾರು 0.11 ಮೈಕ್ರೋಮೀಟರ್ ಜಾಗವನ್ನು ನೋಡುತ್ತದೆ. ಅಷ್ಟು ಸಾಕು. ಪಿಕ್ಸೆಲನ್ನು ಮತ್ತೂ ಕಿರಿದಾಗಿಸಿದರೆ ಹೊಸ ವಿವರವೇನೂ ಕಾಣದೆ, ಇರುವ ಅಲ್ಪ ಬೆಳಕು ಹಂಚಿಹೋಗುತ್ತದೆ.

ಬಣ್ಣದ ವಿಷಯವಂತೂ ಹಲವರಿಗೆ ಆಶ್ಚರ್ಯ ತಂದೀತು. ಇಂತಹ ಕ್ಯಾಮೆರಾಗಳು ಬಹುಮಟ್ಟಿಗೆ ಕಪ್ಪುಬಿಳುಪಿನವು. ಪತ್ರಿಕೆಗಳಲ್ಲಿ ಕಾಣುವ ಕೆಂಪು, ಹಸುರು, ನೀಲಿಯ ಕೋಶಗಳು, ಸೋಸುಗಾಜನ್ನು ಬದಲಿಸಿ ತೆಗೆದ ಬೇರೆಬೇರೆ ಚಿತ್ರಗಳಿಗೆ ಗಣಕಯಂತ್ರದಲ್ಲಿ ಬಣ್ಣ ಹಚ್ಚಿ ಕೂಡಿಸಿದವು. ಇದು ಮೋಸವಲ್ಲ. ಆದರೆ ಅದೇ ಯಂತ್ರದಲ್ಲಿ ಮಿತಿಮೀರಿ ಹೊಳಪು ಏರಿಸಿದರೆ ಗದ್ದಲವೂ ರೋಗದಂತೆ ತೋರಬಹುದು. ಬಣ್ಣವನ್ನೇ ಹಾಕದ ಚೂರನ್ನು ಅದೇ ದೀಪ, ಅದೇ ಕಾಲಾವಧಿಯಲ್ಲಿ ಚಿತ್ರಿಸಿ ಹೋಲಿಸುವ ಪದ್ಧತಿ ಬೆಳೆದುಬಂದದ್ದು ಈ ಎಚ್ಚರಿಕೆಯಿಂದ.

ಎಚ್ಚರದಿಂದ ಬಳಸಿದಾಗ ಈ ಕ್ಯಾಮೆರಾಗಳು ಮಸೂರದ ಮಿತಿಯನ್ನೂ ಮೀರಿವೆ. ಒಂಟಿ ಅಣುಗಳನ್ನು ಒಂದೊಂದಾಗಿ ಮಿನುಗಿಸಿ, ಪ್ರತಿಯೊಂದರ ನಡುಬಿಂದುವನ್ನು ಗಣಿಸಿ, ಸಾವಿರಾರು ಚಿತ್ರಗಳಿಂದ ಒಂದು ಸೂಕ್ಷ್ಮಚಿತ್ರವನ್ನು ಹೆಣೆಯುವ ವಿಧಾನವೂ ಸೇರಿದಂತೆ ಇಂತಹ ಸಾಧನೆಗಳಿಗಾಗಿ ಬೆಟ್ಸಿಗ್, ಹೆಲ್ ಮತ್ತು ಮೋರ್ನರ್ 2014ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅಂಗವಾದ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೋಶದ ಪೊರೆಯ ಅಧ್ಯಯನ ಪ್ರತಿದೀಪ್ತಿ ಸೂಕ್ಷ್ಮದರ್ಶಕದಿಂದಲೇ ನಡೆದಿದೆ.

ರೋಗಿಯ ಪಾಲಿಗೆ ಬಂದದ್ದು

ಈ ವಿದ್ಯೆ ಸಾಮಾನ್ಯ ಕುಟುಂಬಕ್ಕೂ ದೂರದ್ದಲ್ಲ. ಮೂತ್ರದಲ್ಲಿ ರಕ್ತವೋ ಪ್ರೋಟೀನೋ ಹೋಗುತ್ತಿದ್ದಾಗ ವೈದ್ಯರು ಮೂತ್ರಪಿಂಡದ ಸಣ್ಣ ಚೂರನ್ನು ಪರೀಕ್ಷೆಗೆ ತೆಗೆಯುವುದುಂಟು. 1968ರಲ್ಲಿ ಫ್ರಾನ್ಸಿನ ಬೆರ್ಜೆ ಮತ್ತು ಆಂಗ್ಲೆ ವಿವರಿಸಿದ ಐಜಿಎ ಕಾಯಿಲೆಯನ್ನು ಖಚಿತಪಡಿಸಲು ಪ್ರತಿಕಾಯಗಳ ಹೊಳಪನ್ನು ನೋಡಲೇಬೇಕು. ಅದಕ್ಕೆ ಕಳುಹಿಸುವ ಚೂರನ್ನು ಸಾಮಾನ್ಯವಾಗಿ ಫಾರ್ಮಲಿನ್ನಿನಲ್ಲಿ ಹಾಕದೆ ಬೇರೆಯಾಗಿ ರಕ್ಷಿಸುತ್ತಾರೆ. ಚೂರನ್ನು ಬೇರೆ ಪ್ರಯೋಗಾಲಯಕ್ಕೆ ಸಾಗಿಸುವ ಸಂದರ್ಭದಲ್ಲಿ ಬಂಧುಗಳು ಈ ವಿಷಯವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳುವುದು ಲೇಸು. ಮಧುಮೇಹಿಗಳ ಕಣ್ಣಿನ ಪರೀಕ್ಷೆಯಲ್ಲಿ, ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಬಣ್ಣವನ್ನು ಕೊಟ್ಟು ರೆಟಿನಾದ ಚಿತ್ರ ತೆಗೆಯುವುದೂ ಪ್ರತಿದೀಪ್ತಿಯ ಉಪಯೋಗವೇ. ಅನಂತರ ಒಂದು ದಿನ ಮೂತ್ರ ಗಾಢ ಹಳದಿಯಾದರೆ ಗಾಬರಿಪಡಬೇಕಾಗಿಲ್ಲ. ಹಿಂದೆ ಯಾವುದಾದರೂ ಔಷಧ ಒಗ್ಗದೆ ಹೋಗಿದ್ದರೆ ಮಾತ್ರ ಮುಂಚಿತವಾಗಿಯೇ ತಿಳಿಸಬೇಕು.

ಕ್ಷಯಕ್ಕೆ ಇಂದು ಮಾಡುವ ಜೀನ್ ಪರೀಕ್ಷೆಗಳಲ್ಲಿಯೂ ಯಂತ್ರ ಓದುವುದು ಪ್ರತಿದೀಪ್ತಿಯನ್ನೇ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಟ್ರೂನ್ಯಾಟ್ ಎಂಬ ಭಾರತೀಯ ಯಂತ್ರದ ಸಂಶೋಧನೆ ಬೆಂಗಳೂರಿನಲ್ಲಿ ನಡೆದದ್ದು ಕನ್ನಡಿಗರು ಹೆಮ್ಮೆಪಡುವಂತಹುದು. ಲೇಪದಲ್ಲಿ ಕಾಣದಷ್ಟು ವಿರಳವಾದ ರೋಗಾಣುಗಳನ್ನೂ ಇವು ಗುರುತಿಸಬಲ್ಲವು; ರಿಫಾಂಪಿಸಿನ್ ಔಷಧಕ್ಕೆ ಬಗ್ಗದ ರೋಗಾಣುವೇ ಎಂಬುದನ್ನೂ ತಿಳಿಸಬಲ್ಲವು.

ಆದರೆ ಯಾವ ಕ್ಯಾಮೆರಾವೂ ತಾನಾಗಿ ಚಾಳಿನ ಮೆಟ್ಟಿಲು ಹತ್ತಿ ಬರಲಾರದು. ಮಹಾನಗರದ ಇಕ್ಕಟ್ಟಾದ ಕೋಣೆಗಳಲ್ಲಿ ನಾಲ್ಕಾರು ಮಂದಿ ಒಟ್ಟಿಗೆ ಮಲಗುವ ಕಡೆ, ಒಬ್ಬನ ಕೆಮ್ಮು ಎಲ್ಲರ ಪಾಲಾಗುತ್ತದೆ. ಹೋಟೆಲಿನ ಹೊಗೆಯಿಂದ ಬಂದದ್ದು, ಹವೆಯ ಬದಲಾವಣೆಯಿಂದ ಬಂದದ್ದು ಎಂದು ಕೆಮ್ಮನ್ನು ತಿಂಗಳುಗಟ್ಟಲೆ ಸಹಿಸುವವರು ವಿರಳರಲ್ಲ. ಎರಡು ವಾರಕ್ಕೆ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಸರಕಾರಿ ಆಸ್ಪತ್ರೆಯಲ್ಲಿ ಕಫವನ್ನು ಪರೀಕ್ಷೆಗೆ ಕೊಡಬೇಕು. ಪರೀಕ್ಷೆಗೂ ಔಷಧಕ್ಕೂ ಅಲ್ಲಿ ಹಣ ಕೊಡಬೇಕಾಗಿಲ್ಲ. ಕೊಡುವುದು ಬಾಯಿಯ ಎಂಜಲಾಗಿರದೆ ಎದೆಯಾಳದಿಂದ ಕೆಮ್ಮಿ ತೆಗೆದ ಕಫವಾಗಿರಬೇಕು. ಲೇಪ ಚೊಕ್ಕಟವೆಂದು ವರದಿ ಬಂದರೂ ಕೆಮ್ಮು ನಿಲ್ಲದಿದ್ದರೆ, ಮುಂದಿನ ಪರೀಕ್ಷೆಯನ್ನು ಕೇಳಲು ಸಂಕೋಚಪಡಬಾರದು.

ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಮಟ್ಟಕ್ಕೆ ವಿಜ್ಞಾನ ಬೆಳೆದಿದೆ. ಕತ್ತಲಲ್ಲಿ ಮಿನುಗುವ ಹಳದಿ ಕಡ್ಡಿಯೊಂದು ಸಕಾಲದಲ್ಲಿ ಕಣ್ಣಿಗೆ ಬಿದ್ದರೆ ಒಂದು ಮನೆಯ ದೀಪ ಆರದೆ ಉಳಿಯುತ್ತದೆ. ಅದಕ್ಕೆ ಬೇಕಾದ ಮೊದಲ ಹೆಜ್ಜೆಯನ್ನು ಇಡಬೇಕಾದವನು ರೋಗಿ. ಇಡಿಸಬೇಕಾದವರು ಮನೆಯವರು, ನೆರೆಯವರು, ಪರಸ್ಥಳದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿರುವ ನಮ್ಮ ಸಂಘಗಳ ಬಂಧುಗಳು.